ಪಾಸ್‌ವರ್ಡ್ ಸರಿ, ಡೆಸ್ಕ್‌ಟಾಪ್ ಮಾತ್ರ ಬರುತ್ತಿಲ್ಲ

ಪ್ರಶ್ನೆ: ನಾನು ಶಿರಸಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಮೂರು ವರ್ಷದಿಂದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 21, ಅದರ ಸಿನಮನ್ ಡೆಸ್ಕ್‌ಟಾಪ್ ಬಳಸುತ್ತಿದ್ದೇನೆ. ಭಾಷೆ ಕನ್ನಡಕ್ಕೇ ಇಟ್ಟುಕೊಂಡಿದ್ದೇನೆ. ಬ್ಯಾಟರಿ ಸತ್ತು ವರ್ಷವಾಯಿತು, ಚಾರ್ಜರ್ ಮೇಲೆಯೇ ಓಡುತ್ತದೆ. ಮೊನ್ನೆ ಅಪ್‌ಡೇಟ್ ನಡೆಯುವಾಗ ಕರೆಂಟು ಹೋಯಿತು. ಆಮೇಲೆ ಲಾಗಿನ್ ಪರದೆ ಬರುತ್ತದೆ, ಪಾಸ್‌ವರ್ಡ್ ಕೊಟ್ಟರೆ ಒಂದು ಗಳಿಗೆ ಕಪ್ಪಾಗಿ ಮತ್ತೆ ಅದೇ ಲಾಗಿನ್ ಪರದೆ. ಯಾರೋ ಹೇಳಿದರೆಂದು ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಗೆ ಹೋದೆ. ಅಲ್ಲಿ ಎಲ್‌ಎಸ್ ಎಂದು ಟೈಪ್ ಮಾಡಿದರೆ ಬರೀ ಚೌಕಗಳು. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಅಂತಾರೆ. ಮೂರು ವರ್ಷದ ಪ್ರಶ್ನೆಪತ್ರಿಕೆ, ಟಿಪ್ಪಣಿ ಎಲ್ಲ ಅದರಲ್ಲೇ ಇದೆ. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್ ಬೇಡ. ಲ್ಯಾಪ್‌ಟಾಪನ್ನು ಅಂಗಡಿಯಿಂದ ಮನೆಗೆ ತನ್ನಿ. ನೀವು ಬರೆದ ಸಾಲುಗಳಲ್ಲೇ ಅರ್ಧ ರೋಗ ಪತ್ತೆಯಾಗಿದೆ. ನಿಮ್ಮ ಪ್ರಶ್ನೆಪತ್ರಿಕೆಗಳ ಪಾಲಿಗೆ ಅದು ಒಳ್ಳೆಯ ಸುದ್ದಿಯೇ.

ಲಿನಕ್ಸಿನಲ್ಲಿ ಡೆಸ್ಕ್‌ಟಾಪ್ ಎಂಬುದು ಒಂದೇ ಪ್ರೋಗ್ರಾಂ ಅಲ್ಲ. ಗುಂಡಿ ಒತ್ತಿದ ಮೇಲೆ ಮೊದಲು ಗ್ರಬ್ ಎಂಬ ಆರಂಭಕ ಏಳುತ್ತದೆ, ಅದು ಲಿನಕ್ಸಿನ ತಿರುಳಾದ ಕರ್ನಲ್ಲನ್ನು ಎಬ್ಬಿಸುತ್ತದೆ, ಕರ್ನಲ್ ಡಿಸ್ಕನ್ನು ತೆರೆದು ಸಿಸ್ಟಂಡಿಗೆ ಕೆಲಸ ಒಪ್ಪಿಸುತ್ತದೆ. ಸಿಸ್ಟಂಡಿ ಹತ್ತಾರು ಸೇವೆಗಳನ್ನು ಶುರುಮಾಡಿ ಕೊನೆಗೆ ಲಾಗಿನ್ ನೋಡಿಕೊಳ್ಳುವ ಲೈಟ್‌ಡಿಎಂ ಅನ್ನು ಕರೆಯುತ್ತದೆ. ಲೈಟ್‌ಡಿಎಂ, ಪರದೆಗೆ ಚಿತ್ರ ಮೂಡಿಸುವ ಎಕ್ಸ್ ಸರ್ವರನ್ನು ಎಬ್ಬಿಸಿ ಅದರ ಮೇಲೆ ಲಾಗಿನ್ ಪರದೆ ಬರೆಯುತ್ತದೆ. ಪಾಸ್‌ವರ್ಡ್ ಸರಿ ಕಂಡರೆ ಮಾತ್ರ ನಿಮ್ಮ ಹೆಸರಿನಲ್ಲಿ ಸಿನಮನ್ ಶುರುವಾಗುತ್ತದೆ. ನಿಮ್ಮಲ್ಲಿ ಲಾಗಿನ್ ಪರದೆ ಬರುತ್ತಿದೆ ಎಂದರೆ ಡಿಸ್ಕು ಓದುತ್ತಿದೆ, ಕರ್ನಲ್ ಎದ್ದಿದೆ, ಎಕ್ಸ್ ಸರ್ವರ್ ಕೂಡ ಎದ್ದಿದೆ. ಪಾಸ್‌ವರ್ಡ್ ತಪ್ಪಾಗಿದ್ದರೆ ಪರದೆ ಕಪ್ಪಾಗುತ್ತಿರಲಿಲ್ಲ, ತಪ್ಪು ಎಂದು ಅಲ್ಲೇ ಹೇಳುತ್ತಿತ್ತು. ಆದ್ದರಿಂದ ಪಾಸ್‌ವರ್ಡನ್ನೂ ಅದು ಒಪ್ಪಿದೆ. ನಿಮ್ಮ ಕಡೆಯ ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ ಚೌಕಿಯಲ್ಲಿ ಬಣ್ಣ ಹಚ್ಚಿ ಆಗಿದೆ, ಭಾಗವತರು ಕೂತಾಗಿದೆ, ವೇಷ ಮಾತ್ರ ರಂಗಕ್ಕೆ ಕಾಲಿಟ್ಟ ಮರುಗಳಿಗೆಯೇ ವಾಪಸ್ಸು ಓಡುತ್ತಿದೆ. ಇಡೀ ಮೇಳವನ್ನೇ ಬರಖಾಸ್ತು ಮಾಡಬೇಕಿಲ್ಲ.

ಒಂದು ಸೂಚನೆ. ಆಜ್ಞೆಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಬಿಡಿಸಿ ಹೇಳುತ್ತೇನೆ. ಮೈನಸ್ ಎಂದರೆ ಸಣ್ಣ ಅಡ್ಡಗೆರೆ, ಅದರ ನಂತರ ಜಾಗ ಬಿಡಬೇಡಿ. ಸಣ್ಣ, ದೊಡ್ಡ ಅಕ್ಷರ ಅದಲುಬದಲಾದರೆ ಲಿನಕ್ಸಿಗೆ ಅದು ಬೇರೆಯೇ ಶಬ್ದ.

ಆ ಚೌಕಗಳ ವಿಷಯ ಮೊದಲು ಮುಗಿಸೋಣ. ಹೆದರಿಸಿದ್ದು ಅದೇ ಇರಬೇಕು. ಯಂತ್ರ ಕೆಟ್ಟಿದ್ದರಿಂದ ಬಂದ ಚೌಕಗಳಲ್ಲ ಅವು. ಆ ಕಪ್ಪು ಪರದೆಯನ್ನು, ಅಂದರೆ ಕನ್ಸೋಲನ್ನು, ನೇರವಾಗಿ ಕರ್ನಲ್ಲೇ ಬರೆಯುತ್ತದೆ. ಅದರ ಅಕ್ಷರಪೆಟ್ಟಿಗೆಯಲ್ಲಿ ಇರುವುದು 256 ಅಥವಾ ಹೆಚ್ಚೆಂದರೆ 512 ಆಕಾರಗಳು. ಒತ್ತಕ್ಷರ ಕೂಡಿಸುವುದು, ಗುಣಿತ ಜೋಡಿಸುವುದು ಅದಕ್ಕೆ ಗೊತ್ತೇ ಇಲ್ಲ. ನಿಮ್ಮ ಫೋಲ್ಡರುಗಳ ಹೆಸರು ಕನ್ನಡದಲ್ಲಿದೆ, ಹಾಗಾಗಿ ಒಂದೊಂದು ಅಕ್ಷರಕ್ಕೂ ಒಂದು ಚೌಕ. ಅದೇ ಕಪ್ಪು ಪರದೆಯಲ್ಲಿ ‘ಎಕ್ಸ್‌ಪೋರ್ಟ್ ಎಲ್‌ಸಿ ಅಂಡರ್‌ಸ್ಕೋರ್ ಆಲ್ ಈಕ್ವಲ್ಸ್ ಸಿ’ ಎಂದು ಕೊಡಿ. ಎಕ್ಸ್‌ಪೋರ್ಟ್ ಸಣ್ಣಕ್ಷರ, ಎಲ್‌ಸಿ, ಆಲ್, ಸಿ ಮೂರೂ ದೊಡ್ಡಕ್ಷರ, ಈಕ್ವಲ್ಸ್ ಚಿಹ್ನೆಯ ಎರಡೂ ಬದಿ ಜಾಗ ಬಿಡಬಾರದು. ಇನ್ನು ಮೇಲೆ ಸಂದೇಶಗಳು ಇಂಗ್ಲಿಷಿನಲ್ಲಿ ಬರುತ್ತವೆ, ಕಡತದ ಹೆಸರುಗಳು ಚೌಕದ ಬದಲು ಸಂಖ್ಯೆಗಳಾಗುತ್ತವೆ. 340, 262 ಎಂದೋ 340, 263 ಎಂದೋ ಶುರುವಾಗುವ ಮೂರು ಮೂರು ಸಂಖ್ಯೆಗಳ ಗುಂಪು ಕಂಡರೆ ಅದು ಒಂದು ಕನ್ನಡ ಅಕ್ಷರ. ಯೂನಿಕೋಡ್ ಕನ್ನಡದ ಪ್ರತಿ ಅಕ್ಷರವೂ ಡಿಸ್ಕಿನಲ್ಲಿ ಮೂರು ಬೈಟ್ ಆಗಿ ಕೂತಿರುತ್ತದೆ, ಅವನ್ನೇ ಅದು ಎಣಿಸಿ ತೋರಿಸುತ್ತಿದೆ. ಆ ಸಂಖ್ಯೆಗಳು ಕಂಡವೆಂದರೆ ನಿಮ್ಮ ಕಡತಗಳು ಅಲ್ಲೇ ಇವೆ ಎಂದೇ ಲೆಕ್ಕ.

ಆದರೂ ಯಾವುದಕ್ಕೂ ಕೈಹಾಕುವ ಮೊದಲು ಪ್ರತಿ ತೆಗೆದಿಡಿ. ಕಪ್ಪು ಪರದೆಯಿಂದಲೂ ತೆಗೆಯಬಹುದು, ಆದರೆ ಸುಲಭದ ದಾರಿ ಬೇರೆ ಇದೆ. ಮಿಂಟ್ ಹಾಕಿಕೊಳ್ಳುವಾಗ ಬಳಸಿದ ಪೆನ್‌ಡ್ರೈವ್ ಇದ್ದರೆ ಅದರಿಂದಲೇ ಯಂತ್ರ ಶುರುಮಾಡಿ. ಇಲ್ಲದಿದ್ದರೆ ಶಾಲೆಯ ಇನ್ನೊಂದು ಕಂಪ್ಯೂಟರಿನಲ್ಲಿ ಒಂದು ಮಾಡಿಕೊಳ್ಳಿ. ಪರದೆಯ ಮೇಲೆ ‘ಇನ್‌ಸ್ಟಾಲ್’ ಎಂಬ ಗುರುತು ಇರುತ್ತದೆ, ಅದನ್ನು ಮುಟ್ಟಬೇಡಿ. ಕಡತಗಳ ಕಿಟಕಿ ತೆರೆದು ಒಳಗಿನ ಡಿಸ್ಕಿನ ‘ಹೋಮ್’ ಫೋಲ್ಡರಿಗೆ ಹೋದರೆ ನಿಮ್ಮ ಕಡತಗಳು ಕನ್ನಡ ಹೆಸರಿನಲ್ಲೇ ಕಾಣುತ್ತವೆ. ಇನ್ನೊಂದು ಪೆನ್‌ಡ್ರೈವಿಗೆ ಎಳೆದು ಹಾಕಿ. ಮಿಂಟ್ ಹಾಕುವಾಗ ಹೋಮ್ ಫೋಲ್ಡರನ್ನು ಗೂಢಲಿಪಿ ಮಾಡಲು ಒಪ್ಪಿದ್ದರೆ ಮಾತ್ರ ಇದು ಇಷ್ಟು ಸಲೀಸಲ್ಲ. ಆಗ ಕಪ್ಪು ಪರದೆಯಲ್ಲಿ ನಿಮ್ಮ ಹೆಸರಿನಲ್ಲೇ ಲಾಗಿನ್ ಆಗಿ ಪ್ರತಿ ತೆಗೆಯಬೇಕಾಗುತ್ತದೆ.

ಈಗ ರೋಗಕ್ಕೆ ಬರೋಣ. ಮೊದಲನೆಯದಕ್ಕೆ ಆಜ್ಞೆಯೇ ಬೇಡ. ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರಿನ ಪಕ್ಕ ಒಂದು ಸಣ್ಣ ಗುರುತಿದೆ. ಅದನ್ನು ಒತ್ತಿದರೆ ಯಾವ ಡೆಸ್ಕ್‌ಟಾಪ್ ಬೇಕು ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ‘ಸಿನಮನ್, ಸಾಫ್ಟ್‌ವೇರ್ ರೆಂಡರಿಂಗ್’ ಆರಿಸಿ ಒಳಹೋಗಿ ನೋಡಿ. ಇದು ಗ್ರಾಫಿಕ್ ಚಿಪ್ಪಿನ ಕೈಯಲ್ಲಿ ಕೆಲಸ ಮಾಡಿಸದೆ ಚಿತ್ರವನ್ನೆಲ್ಲ ಪ್ರೊಸೆಸರಿನಲ್ಲೇ ಬರೆಸುತ್ತದೆ, ಸ್ವಲ್ಪ ನಿಧಾನ. ಹೀಗೆ ಒಳಗೆ ಬಿಟ್ಟಿತೆಂದರೆ ತಪ್ಪು ಗ್ರಾಫಿಕ್ ಡ್ರೈವರಿನದು, ಕೆಳಗೆ ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ ಚಿಪ್ಪಿನ ಬಗ್ಗೆ ಬರೆದದ್ದನ್ನು ಓದಿ. ಬಿಡದಿದ್ದರೆ ಮತ್ತೆ ಕಂಟ್ರೋಲ್, ಆಲ್ಟ್, ಎಫ್3. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಕೀಲಿಯನ್ನೂ ಸೇರಿಸಿ ಒತ್ತಬೇಕು. ಅಲ್ಲಿ ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕಿಯೂ ಕಾಣುವುದಿಲ್ಲ, ಸುಮ್ಮನೆ ಟೈಪ್ ಮಾಡಿ ಎಂಟರ್ ಒತ್ತಿ. ಅಂಕಿಗಳಿಗೆ ಬಲಗಡೆಯ ನಂಬರ್ ಕೀಲಿಗಳನ್ನು ನಂಬಬೇಡಿ, ನಮ್‌ಲಾಕ್ ಆಫ್ ಆಗಿರಬಹುದು. ಲಾಗಿನ್ ಪರದೆಗೆ ಮರಳಲು ಮಿಂಟಿನಲ್ಲಿ ಕಂಟ್ರೋಲ್, ಆಲ್ಟ್, ಎಫ್7.

ನಿಮ್ಮ ಕಥೆಯಲ್ಲಿ ಕರೆಂಟು ಹೋದದ್ದೇ ದೊಡ್ಡ ಸುಳಿವು, ಎಲ್ಲರೂ ಅದರ ಹಿಂದೆಯೇ ಓಡುತ್ತಾರೆ. ನಾನು ಮಾತ್ರ ಮೊದಲು ಕೇಳುವುದು ಡಿಸ್ಕಿನಲ್ಲಿ ಜಾಗ ಇದೆಯೇ ಎಂದು. ‘ಡಿಎಫ್ ಮೈನಸ್ ಎಚ್’ ಎಂದು ಕೊಡಿ. ಬರುವ ಪಟ್ಟಿಯಲ್ಲಿ ಕೊನೆಯ ಕಂಬದಲ್ಲಿ ಬರೀ ಒಂದು ಸ್ಲ್ಯಾಶ್ ಇರುವ ಸಾಲು ನೋಡಿ. ಅದರ ಹಿಂದಿನ ಕಂಬದಲ್ಲಿ 100 ಎಂದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಒಳಬರುವಾಗ ನಿಮ್ಮ ಹೆಸರಿನಲ್ಲಿ ಹತ್ತಾರು ಸಣ್ಣ ಕಡತಗಳನ್ನು ಬರೆಯಬೇಕು. ಬರೆಯಲು ಜಾಗವಿಲ್ಲದಿದ್ದರೆ ಸಿನಮನ್ ಸತ್ತುಹೋಗುತ್ತದೆ, ಲೈಟ್‌ಡಿಎಂ ‘ಇವರು ಹೊರಹೋದರು’ ಎಂದುಕೊಂಡು ಮತ್ತೆ ಲಾಗಿನ್ ಪರದೆ ಹಾಕುತ್ತದೆ. ಜಾಗವಿಲ್ಲ ಎಂದು ನಿಮಗೆ ಒಂದು ಮಾತು ಹೇಳುವುದೂ ಇಲ್ಲ, ಹೇಳಲು ಬೇಕಾದ ಕಿಟಕಿಯೇ ಇನ್ನೂ ತೆರೆದಿಲ್ಲವಲ್ಲ.

ಇದರಲ್ಲಿ ತುಂಬ ಜನ ಮೋಸಹೋಗುವ ಸಂಗತಿಯೊಂದಿದೆ. ಡಿಸ್ಕ್ ತುಂಬಿದ್ದರೆ ಉಳಿದದ್ದೆಲ್ಲ ಹೇಗೆ ನಡೆಯುತ್ತಿದೆ ಎಂದು ಕೇಳುತ್ತಾರೆ. ಮಿಂಟ್ ಬಳಸುವ ಇಎಕ್ಸ್‌ಟಿ4 ಕಡತವ್ಯವಸ್ಥೆ ರೂಟ್ ಎಂಬ, ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಬಳಕೆದಾರನಿಗೆಂದೇ ಶೇಕಡಾ 5ರಷ್ಟು ಜಾಗ ಮೊದಲೇ ಎತ್ತಿಟ್ಟಿರುತ್ತದೆ. 100 ಜಿಬಿ ಪಾರ್ಟಿಶನ್ ಆದರೆ 5 ಜಿಬಿ. ಊರಿನ ಕೆರೆ ಬತ್ತಿದರೂ ದೇವಸ್ಥಾನದ ಬಾವಿಯಲ್ಲಿ ನೀರಿರುವ ಹಾಗೆ. ರೂಟ್ ಹೆಸರಿನಲ್ಲಿ ಓಡುವ ಸೇವೆಗಳೆಲ್ಲ ಆ ಬಾವಿಯ ನೀರಲ್ಲಿ ನಡೆಯುತ್ತವೆ, ಸಾಮಾನ್ಯ ಬಳಕೆದಾರರಾದ ನಿಮಗೆ ಹನಿಯೂ ಇಲ್ಲ. ಅದಕ್ಕೇ ಯಂತ್ರ ಸರಿಯಾಗಿ ಏಳುತ್ತದೆ, ನೀವೊಬ್ಬರು ಮಾತ್ರ ಒಳಗೆ ಹೋಗಲಾರಿರಿ.

ಜಾಗ ತಿಂದವರು ಯಾರು? ಮಿಂಟಿನಲ್ಲಿ ನನ್ನ ಮೊದಲ ಅನುಮಾನ ಟೈಮ್‌ಶಿಫ್ಟ್ ಮೇಲೆ. ಯಂತ್ರದ ಹಳೆಯ ಸ್ಥಿತಿಯ ಪ್ರತಿ ಇಡುವ ಒಳ್ಳೆಯ ಸಲಕರಣೆ ಅದು, ಆದರೆ ಅದೇ ಡಿಸ್ಕಿನಲ್ಲಿ ಇಡಲು ಹೇಳಿದ್ದರೆ ಪ್ರತಿಗಳು ಸದ್ದಿಲ್ಲದೆ ಬೆಳೆಯುತ್ತವೆ. ‘ಸುಡೊ ಟೈಮ್‌ಶಿಫ್ಟ್ ಮೈನಸ್ ಮೈನಸ್ ಲಿಸ್ಟ್’ ಕೊಟ್ಟರೆ ಎಷ್ಟಿವೆ ಎಂದು ಗೊತ್ತಾಗುತ್ತದೆ. ಸುಡೊ ಎಂದರೆ ಆ ಆಜ್ಞೆಯನ್ನು ರೂಟ್ ಹೆಸರಿನಲ್ಲಿ ಓಡಿಸು ಎಂದರ್ಥ. ಹಳೆಯವನ್ನು ‘ಸುಡೊ ಟೈಮ್‌ಶಿಫ್ಟ್ ಮೈನಸ್ ಮೈನಸ್ ಡಿಲೀಟ್’ ಎಂದು ಅದರ ಕೈಯಿಂದಲೇ ತೆಗೆಸಿ, ಅದು ಪಟ್ಟಿ ತೋರಿಸಿ ಯಾವುದು ಎಂದು ಕೇಳುತ್ತದೆ. ಎಲ್ಲವನ್ನೂ ಅಳಿಸಬೇಡಿ, ಇತ್ತೀಚಿನ ಒಂದೆರಡು ಉಳಿಸಿಕೊಳ್ಳಿ, ಮುಂದೆ ಬೇಕಾದೀತು. ಇಳಿಸಿಕೊಂಡ ಅಪ್‌ಡೇಟ್ ಕಡತಗಳನ್ನು ‘ಸುಡೊ ಆಪ್ಟ್ ಕ್ಲೀನ್’ ತೆಗೆಯುತ್ತದೆ. ಇನ್ನೊಬ್ಬ ಕಳ್ಳ ನಿಮ್ಮ ಹೋಮ್ ಫೋಲ್ಡರಿನಲ್ಲೇ ಅಡಗಿರುತ್ತಾನೆ: ಡಾಟ್‌ನಿಂದ ಶುರುವಾಗುವ ‘ಎಕ್ಸ್‌ಸೆಶನ್ ಮೈನಸ್ ಎರರ್ಸ್’ ಎಂಬ ಕಡತ. ಯಾವುದೋ ಪ್ರೋಗ್ರಾಂ ಒಂದೇ ದೂರನ್ನು ಸೆಕೆಂಡಿಗೆ ನೂರು ಸಲ ಬರೆಯುತ್ತ ಕೂತರೆ ಈ ಕಡತ ಹತ್ತಾರು ಜಿಬಿಗೆ ಉಬ್ಬುತ್ತದೆ. ನನ್ನದೇ ಯಂತ್ರದಲ್ಲಿ ಒಮ್ಮೆ ಹೀಗಾಗಿ, ಅರ್ಧ ದಿನ ಡ್ರೈವರ್ ಬದಲಿಸುತ್ತ ಕೂತಿದ್ದೆ. ಡಿಎಫ್ ಕೊಟ್ಟು ನೋಡುವ ಬುದ್ಧಿ ಬಂದದ್ದು ಸಂಜೆ ಚಹಾ ಕುಡಿದ ಮೇಲೆ. ಅಂದಿನಿಂದ ಡಿಎಫ್ ನನ್ನ ಮೊದಲ ಆಜ್ಞೆ.

ಜಾಗ ಬೇಕಾದಷ್ಟಿದೆಯೋ? ಹಾಗಿದ್ದರೆ ಈಗ ಕರೆಂಟಿನ ಕಥೆ. ಅಪ್‌ಡೇಟ್ ಎಂದರೆ ಹೊಸ ಪ್ಯಾಕೇಜುಗಳನ್ನು ಬಿಚ್ಚಿ ಜಾಗಕ್ಕೆ ಇಡುವುದು ಒಂದು ಹಂತ, ಅವನ್ನು ಒಂದಕ್ಕೊಂದು ಹೊಂದಿಸುವುದು ಇನ್ನೊಂದು ಹಂತ. ನಡುವೆ ಕರೆಂಟು ಹೋದರೆ ಬಿಚ್ಚಿ ಇಟ್ಟದ್ದು ಹೊಂದಿಸದೆ ಉಳಿಯುತ್ತದೆ. ಅದೃಷ್ಟಕ್ಕೆ, ಪ್ಯಾಕೇಜು ಹಾಕುವ ಡಿಪಿಕೆಜಿ ಎಂಬ ಸಲಕರಣೆ ಎಲ್ಲಿಗೆ ನಿಂತೆ ಎಂದು ಬರೆದಿಟ್ಟುಕೊಂಡಿರುತ್ತದೆ. ‘ಸುಡೊ ಡಿಪಿಕೆಜಿ ಮೈನಸ್ ಮೈನಸ್ ಕಾನ್ಫಿಗರ್ ಮೈನಸ್ ಎ’ ಎಂದು ಕೊಟ್ಟರೆ ನಿಂತಲ್ಲಿಂದ ಮುಂದುವರಿಸುತ್ತದೆ. ನಡುವೆ ಯಾವುದಾದರೂ ಸಂರಚನೆಯ ಕಡತದ ಬಗ್ಗೆ ಪ್ರಶ್ನೆ ಕೇಳಿದರೆ ಎಂಟರ್ ಒತ್ತಿ, ಈಗಿರುವುದೇ ಉಳಿಯುತ್ತದೆ. ಬೀಗ ಸಿಗುತ್ತಿಲ್ಲ, ಲಾಕ್ ಎಂದೇನಾದರೂ ದೂರಿದರೆ ಹಿಂದೆ ಇನ್ನೊಂದು ಅಪ್‌ಡೇಟ್ ಓಡುತ್ತಿರಬಹುದು, ಹತ್ತು ನಿಮಿಷ ಕಾಯಿರಿ. ಲಾಕ್ ಕಡತ ಅಳಿಸಿಬಿಡಿ ಎಂದು ಹೇಳುವವರು ಸಿಗುತ್ತಾರೆ, ಅವರ ಮಾತು ಕೇಳಬೇಡಿ.

ಅದಾದ ಮೇಲೆ ‘ಸುಡೊ ಆಪ್ಟ್ ಮೈನಸ್ ಮೈನಸ್ ಫಿಕ್ಸ್ ಮೈನಸ್ ಬ್ರೋಕನ್ ಇನ್‌ಸ್ಟಾಲ್’, ಫಿಕ್ಸ್‌ನಿಂದ ಬ್ರೋಕನ್‌ವರೆಗೆ ನಡುವೆ ಜಾಗ ಬೇಡ. ಇದಕ್ಕೆ ಇಂಟರ್ನೆಟ್ ಬೇಕಾಗಬಹುದು. ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಕಪ್ಪು ಪರದೆಯಲ್ಲೂ ತಾನಾಗಿ ಕೂಡಿಕೊಳ್ಳುತ್ತದೆ. ವೈಫೈಯೇ ಬೇಕೆಂದರೆ ‘ಎನ್‌ಎಂಟಿಯುಐ’ ಎಂದು ಕೊಡಿ, ಬಾಣದ ಕೀಲಿಗಳಿಂದ ಆರಿಸುವ ಪಟ್ಟಿ ಬರುತ್ತದೆ. ಕೊನೆಗೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ಮಿಂಟ್ ಮೈನಸ್ ಮೆಟಾ ಮೈನಸ್ ಸಿನಮನ್’ (ಮಿಂಟ್‌ನಿಂದ ಸಿನಮನ್‌ವರೆಗೆ ಜಾಗವಿಲ್ಲದ ಒಂದೇ ಶಬ್ದ) ಕೊಟ್ಟರೆ ಡೆಸ್ಕ್‌ಟಾಪಿನ ಯಾವುದಾದರೂ ಭಾಗ ಬಿಟ್ಟುಹೋಗಿದ್ದರೆ ತರಿಸಿಕೊಳ್ಳುತ್ತದೆ.

ಪ್ಯಾಕೇಜು ತರಿಸುವ ಈ ಆಪ್ಟ್ ಸಾಮಾನ್ಯವಾಗಿ ಏನೇನು ಸೇರಿಸುತ್ತೇನೆ, ಏನೇನು ತೆಗೆಯುತ್ತೇನೆ ಎಂದು ಹೇಳಿ ವೈ ಅಥವಾ ಎನ್ ಕೇಳುತ್ತದೆ. ತೆಗೆಯುವ ಪಟ್ಟಿಯಲ್ಲಿ ಸಿನಮನ್, ಎಕ್ಸ್ಓಆರ್‌ಜಿ (ಎಕ್ಸ್ ಸರ್ವರಿನ ಹೆಸರು), ಲೈಟ್‌ಡಿಎಂ ಎಂಬ ಹೆಸರು ಕಂಡರೆ ಎನ್ ಒತ್ತಿ ನಿಲ್ಲಿಸಿ. 2021ರ ನವೆಂಬರಿನಲ್ಲಿ ಯೂಟ್ಯೂಬಿನ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಆಟಗಳ ಸ್ಟೀಮ್ ಹಾಕಿಕೊಳ್ಳಲು ಹೋದರು. ಪ್ಯಾಕೇಜಿನ ದೋಷದಿಂದ ಆಪ್ಟ್ ಡೆಸ್ಕ್‌ಟಾಪನ್ನೇ ತೆಗೆಯುವೆನೆಂದಿತು, ಖಾತ್ರಿಯಿದ್ದರೆ ‘ಯೆಸ್, ಡೂ ಆಸ್ ಐ ಸೇ’ ಎಂದು ಪೂರ್ತಿ ಟೈಪ್ ಮಾಡಿ ಎಂದಿತು. ಅವರು ಟೈಪ್ ಮಾಡಿದರು, ಯಂತ್ರ ಹೇಳಿದಂತೆ ಕೇಳಿತು, ಡೆಸ್ಕ್‌ಟಾಪ್ ಹೋಯಿತು. ಕಂಪ್ಯೂಟರ್ ಗೊತ್ತಿದ್ದವರಿಗೇ ಹೀಗಾಗುತ್ತದೆ, ಅವಸರದಲ್ಲಿ ಎಚ್ಚರಿಕೆ ಯಾರೂ ಓದುವುದಿಲ್ಲ.

ಈಗ ‘ಸುಡೊ ಸಿಸ್ಟಂಸಿಟಿಎಲ್ ರೀಸ್ಟಾರ್ಟ್ ಲೈಟ್‌ಡಿಎಂ’ ಕೊಟ್ಟು ಲಾಗಿನ್ ಆಗಿ ನೋಡಿ. ನಿಮ್ಮದು ಇಲ್ಲಿಗೇ ಸರಿಹೋಗುವ ಸಾಧ್ಯತೆ ಹೆಚ್ಚು. ಹೋಗದಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ‘ಸುಡೊ ಆಡ್‌ಯೂಸರ್ ಟೆಸ್ಟ್’ ಎಂದು ಕೊಟ್ಟು ಹೊಸ ಬಳಕೆದಾರನೊಬ್ಬನನ್ನು ಮಾಡಿ, ಆ ಹೆಸರಿನಲ್ಲಿ ಲಾಗಿನ್ ಆಗಿ. ಅವನಿಗೆ ಬಾಗಿಲು ತೆರೆದರೆ ಇಡೀ ಯಂತ್ರ ಸರಿಯಿದೆ, ತೊಡಕು ನಿಮ್ಮ ಹೋಮ್ ಫೋಲ್ಡರಿನಲ್ಲಿ ಮಾತ್ರ. ಅವನಿಗೂ ತೆರೆಯದಿದ್ದರೆ ತೊಡಕು ಯಂತ್ರಕ್ಕೆ ಸೇರಿದ್ದು. ಗಂಟೆಗಟ್ಟಲೆ ತಡಕಾಡುವುದನ್ನು ಉಳಿಸುವ ಪರೀಕ್ಷೆ ಇದು. ಎಷ್ಟೋ ತಂತ್ರಜ್ಞರೂ ಇದನ್ನು ಬಿಟ್ಟು ನೇರ ಡ್ರೈವರಿಗೆ ಕೈಹಾಕುತ್ತಾರೆ.

ಹೋಮ್ ಫೋಲ್ಡರಿನಲ್ಲಿ ಮೊದಲು ನೋಡಬೇಕಾದದ್ದು ‘ಡಾಟ್ ಎಕ್ಸ್‌ಅಥಾರಿಟಿ’ ಎಂಬ ಕಡತ, ಅದರ ಎಕ್ಸ್ ದೊಡ್ಡಕ್ಷರ. ಎಕ್ಸ್ ಸರ್ವರಿನ ಪರದೆಯ ಮೇಲೆ ಬರೆಯಲು ನಿಮಗೆ ಹಕ್ಕಿದೆ ಎಂದು ತೋರಿಸುವ ಟೋಕನ್ ಅದರಲ್ಲಿರುತ್ತದೆ. ‘ಎಲ್‌ಎಸ್ ಮೈನಸ್ ಎಲ್‌ಎ’ ಕೊಟ್ಟರೆ ಪ್ರತಿ ಕಡತದ ಮುಂದೆ, ಮೂರನೆಯ ಕಂಬದಲ್ಲಿ, ಅದರ ಒಡೆಯನ ಹೆಸರಿರುತ್ತದೆ. ಈ ಕಡತದ ಮುಂದೆ ನಿಮ್ಮ ಹೆಸರಿನ ಬದಲು ರೂಟ್ ಎಂದಿದ್ದರೆ ನಿಮ್ಮ ಟೋಕನನ್ನು ನೀವೇ ಓದಲಾರಿರಿ, ಲಾಗಿನ್ ಸುತ್ತು ಹೊಡೆಯುತ್ತದೆ. ಗ್ರಾಫಿಕ್ ಪ್ರೋಗ್ರಾಂಗಳನ್ನು ಸುಡೊ ಸೇರಿಸಿ ಓಡಿಸುವ ಅಭ್ಯಾಸದಿಂದ ಇದು ಆಗುತ್ತಿತ್ತು, ಹಳೆಯ ಆವೃತ್ತಿಗಳಲ್ಲಿ ಹೆಚ್ಚು. ಅಳಿಸಬೇಡಿ, ಹೆಸರು ಬದಲಿಸಿ: ‘ಎಂವಿ ಡಾಟ್ ಎಕ್ಸ್‌ಅಥಾರಿಟಿ ಹಳೆಯದು’. ಹಳೆಯದು ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಕಡತ ರೂಟಿನದಾದರೂ ಫೋಲ್ಡರ್ ನಿಮ್ಮದಾದ್ದರಿಂದ ಹೆಸರು ಬದಲಿಸಲು ಸುಡೊ ಬೇಕಿಲ್ಲ. ಮುಂದಿನ ಲಾಗಿನ್‌ನಲ್ಲಿ ಹೊಸ ಟೋಕನ್ ತಾನಾಗಿ ಬರುತ್ತದೆ.

ಅದೂ ಅಲ್ಲವೆಂದರೆ ‘ಡಾಟ್ ಕಾನ್ಫಿಗ್’ ಎಂಬ ಫೋಲ್ಡರಿನ ಹೆಸರು ಹೀಗೇ ಬದಲಿಸಿ ನೋಡಿ. ಡೆಸ್ಕ್‌ಟಾಪಿನ ಅಲಂಕಾರ, ಲಿಬ್ರೆಆಫೀಸಿನ ನಿಮ್ಮ ಆಯ್ಕೆಗಳು ತಾತ್ಕಾಲಿಕವಾಗಿ ಹೋಗುತ್ತವೆ, ಕಡತಗಳು ಹೋಗುವುದಿಲ್ಲ. ಇನ್ನೊಂದು, ‘ಡಾಟ್ ಪ್ರೊಫೈಲ್’ ಕಡತದಲ್ಲಿ ನೀವೋ ನಿಮ್ಮ ವಿದ್ಯಾರ್ಥಿಯೋ ಯಾವುದಾದರೂ ಸಾಲು ಸೇರಿಸಿದ್ದರೆ ಅದನ್ನು ತೆಗೆಯಿರಿ. ಲಾಗಿನ್ ಆಗುವಾಗ ಲೈಟ್‌ಡಿಎಂ ಆ ಕಡತ ಓದುತ್ತದೆ, ಒಂದು ಸಾಲು ತಪ್ಪಿದರೂ ಬಾಗಿಲು ಮುಚ್ಚಬಹುದು.

ಎನ್‌ವಿಡಿಯಾ ವಿಷಯಕ್ಕೆ ಬರುತ್ತೇನೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದು ಇದೆಯೋ ಇಲ್ಲವೋ ನೀವು ಬರೆದಿಲ್ಲ. ‘ಐಎನ್‌ಎಕ್ಸ್‌ಐ ಮೈನಸ್ ದೊಡ್ಡ ಜಿ’ ಕೊಟ್ಟರೆ ಚಿಪ್ಪಿನ ಹೆಸರು, ಅದಕ್ಕೆ ಯಾವ ಡ್ರೈವರ್ ಸಿಕ್ಕಿದೆ ಎಂದು ಎರಡು ಮೂರು ಸಾಲಿನಲ್ಲಿ ಬರುತ್ತದೆ. ಬರೀ ಇಂಟೆಲ್ ಅಥವಾ ಎಎಂಡಿ ಎಂದಿದ್ದರೆ ಈ ಭಾಗ ಬಿಟ್ಟು ಮುಂದೆ ಓದಿ, ಅವುಗಳ ಡ್ರೈವರ್ ಕರ್ನಲ್ ಜೊತೆಯೇ ಬರುತ್ತದೆ, ಸಾಮಾನ್ಯವಾಗಿ ತಂಟೆಯಿಲ್ಲ. ಎನ್‌ವಿಡಿಯಾದ ಸ್ವಂತ ಡ್ರೈವರ್ ಬರುವುದು ಕರ್ನಲ್ಲಿನ ಹೊರಗಿನಿಂದ. 2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಮಾತನಾಡುವಾಗ ಲಿನಕ್ಸ್ ಕರ್ನಲ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಕ್ಯಾಮರಾಕ್ಕೆ ಮಧ್ಯದ ಬೆರಳು ತೋರಿಸಿದ್ದು ಈ ಕಂಪನಿಗೇ. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಕರ್ನಲ್ ಮಾಡ್ಯೂಲನ್ನು, ಅಂದರೆ ಡ್ರೈವರಿನಲ್ಲಿ ಕರ್ನಲ್ಲಿಗೆ ಸೇರಿಕೊಳ್ಳುವ ಭಾಗವನ್ನು, ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು, ಅದು ಹೊಸ ತಲೆಮಾರಿನ ಚಿಪ್ಪುಗಳಿಗೆ ಮಾತ್ರ.

ಹೊರಗಿನದು ಎಂದರೆ ತೊಂದರೆ ಏನು? ಕರ್ನಲ್ ಹೊಸದಾದಾಗಲೆಲ್ಲ ಡ್ರೈವರ್ ಮಾಡ್ಯೂಲೂ ಅದಕ್ಕೆ ಹೊಂದಬೇಕು. ಹಲವು ಯಂತ್ರಗಳಲ್ಲಿ ಡಿಕೆಎಂಎಸ್ ಎಂಬ ಸಲಕರಣೆ ಅಪ್‌ಡೇಟಿನ ಹೊತ್ತಿಗೆ ಅದನ್ನು ಅಲ್ಲೇ ಕಟ್ಟುತ್ತದೆ. ಅಷ್ಟರಲ್ಲಿ ಕರೆಂಟು ಹೋದರೆ ಹೊಸ ಕರ್ನಲ್ ಇದೆ, ಅದಕ್ಕೆ ಡ್ರೈವರ್ ಇಲ್ಲ. ಆಗ ಮಾಡಬೇಕಾದದ್ದು ಹಳೆಯ ಕರ್ನಲ್ಲಿನಿಂದ ಏಳುವುದು. ಯಂತ್ರ ಶುರುವಾದ ತಕ್ಷಣ ಎಸ್ಕೇಪ್ ಕೀಲಿಯನ್ನೋ, ಹಳೆಯ ಯಂತ್ರವಾದರೆ ಶಿಫ್ಟನ್ನೋ ಒತ್ತಿದರೆ ಗ್ರಬ್ ಪಟ್ಟಿ ಬರುತ್ತದೆ. ಅದರಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ಗೆ ಹೋಗಿ ಮೇಲಿನಿಂದ ಎರಡನೆಯ ಆವೃತ್ತಿಯ ಕರ್ನಲ್ ಆರಿಸಿ. ಇದರಿಂದ ಒಳಗೆ ಹೋಗಲು ಆಯಿತೆಂದರೆ ಡ್ರೈವರ್ ಮ್ಯಾನೇಜರ್ ತೆರೆದು ಶಿಫಾರಸು ಮಾಡಿದ ಡ್ರೈವರನ್ನು ಮತ್ತೆ ಹಾಕಿ.

ಡ್ರೈವರ್ ಕಟ್ಟಿದ್ದರೂ ಕರ್ನಲ್ ಒಪ್ಪದಿರಲು ಇನ್ನೊಂದು ಕಾರಣವಿದೆ, ಸೆಕ್ಯೂರ್ ಬೂಟ್. ಸಹಿಯಿಲ್ಲದ ಮಾಡ್ಯೂಲನ್ನು ಅದು ಹೊಸ್ತಿಲಲ್ಲೇ ತಡೆಯುತ್ತದೆ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ಮರುಪ್ರಾರಂಭದಲ್ಲಿ ನೀಲಿ ಪರದೆ ತೋರಿಸಿ ‘ಎನ್‌ರೋಲ್ ಎಂಓಕೆ’ ಎನ್ನುತ್ತದಲ್ಲ, ಅದು ಆ ಸಹಿಯನ್ನು ನೋಂದಾಯಿಸುವ ಕ್ರಮ. ನೀಲಿ ಪರದೆ ಕಂಡು ಹೆದರಿ ಮುಂದೆ ಹೋಗಿಬಿಟ್ಟವರೇ ಹೆಚ್ಚು.

ಇನ್ನು ಕೆಲವರಿಗೆ ಲಾಗಿನ್ ಪರದೆಯೂ ಬರುವುದಿಲ್ಲ, ಎಲ್ಲ ಕಪ್ಪು. ನಿಮ್ಮದು ಹಾಗಲ್ಲ, ಆದರೂ ಮುಂದಕ್ಕಿರಲಿ. ಗ್ರಬ್ ಪಟ್ಟಿಯಲ್ಲಿ ಇ ಒತ್ತಿದರೆ ನಾಲ್ಕಾರು ಸಾಲುಗಳು ತೆರೆದುಕೊಳ್ಳುತ್ತವೆ. ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಯ ‘ಕ್ವಯಟ್ ಸ್ಪ್ಲಾಶ್’ ಅಳಿಸಿ ‘ನೋಮೋಡ್‌ಸೆಟ್’ ಎಂದು ಸೇರಿಸಿ ಎಫ್10 ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ, ಯಾವುದನ್ನೂ ಶಾಶ್ವತವಾಗಿ ಬದಲಿಸುವುದಿಲ್ಲ. ಕ್ವಯಟ್ ಹೋದ್ದರಿಂದ ಯಂತ್ರ ಏಳುವಾಗ ಏನೇನು ಮಾಡುತ್ತಿದೆ ಎಂದು ಬಾಯಿಬಿಡುತ್ತದೆ, ನೋಮೋಡ್‌ಸೆಟ್‌ನಿಂದ ಗ್ರಾಫಿಕ್ ಡ್ರೈವರ್ ಪಕ್ಕಕ್ಕೆ ಸರಿದು ಸರಳವಾದ ಚಿತ್ರದಲ್ಲೇ ಏಳುತ್ತದೆ.

ದಾಖಲೆ ಓದುವುದನ್ನು ಕೊನೆಗಿಟ್ಟೆ, ಮೊದಲು ಹೇಳಿದ್ದರೆ ಹೆದರುತ್ತಿದ್ದಿರಿ. ಎಕ್ಸ್ ಸರ್ವರಿನ ದಾಖಲೆ ‘ಸ್ಲ್ಯಾಶ್ ವಾರ್ ಸ್ಲ್ಯಾಶ್ ಲಾಗ್’ ಎಂಬಲ್ಲಿ ‘ಎಕ್ಸ್ಓಆರ್‌ಜಿ ಡಾಟ್ 0 ಡಾಟ್ ಲಾಗ್’ ಎಂಬ ಹೆಸರಿನಲ್ಲಿರುತ್ತದೆ, ಇಲ್ಲೂ ಎಕ್ಸ್ ದೊಡ್ಡದು. ‘ಲೆಸ್’ ಆಜ್ಞೆಯಿಂದ ತೆರೆದು ದೊಡ್ಡಕ್ಷರದ ಎರಡು ಇ ಒಟ್ಟಿಗೆ ಇರುವ ಸಾಲುಗಳನ್ನು ಹುಡುಕಿ, ಅವೇ ದೋಷಗಳು. ಮೊಟ್ಟಮೊದಲು ಸಿಗುವ ಇಇ ಮಾತ್ರ ದೋಷವಲ್ಲ, ಯಾವ ಗುರುತಿಗೆ ಏನರ್ಥ ಎಂದು ಕಡತದ ಆರಂಭದಲ್ಲಿ ಕೊಟ್ಟ ವಿವರಣೆ ಅದು. ಪ್ರತಿ ಸಲ ಯಾರಾದರೊಬ್ಬರು ಆ ಸಾಲಿನ ಫೋಟೊ ಕಳಿಸಿ ಗಾಬರಿಯಾಗಿರುತ್ತಾರೆ. ಸಿನಮನ್ ಯಾಕೆ ಸತ್ತಿತು ಎಂಬುದು ಹೋಮ್ ಫೋಲ್ಡರಿನ ಆ ‘ಎಕ್ಸ್‌ಸೆಶನ್ ಮೈನಸ್ ಎರರ್ಸ್’ ಕಡತದ ಕೊನೆಯ ಇಪ್ಪತ್ತು ಸಾಲುಗಳಲ್ಲಿ ಸಿಗುತ್ತದೆ.

ಕನ್ನಡದಲ್ಲಿ ಯಂತ್ರ ಬಳಸುವವರಿಗೇ ಮೀಸಲಾದ ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ. ಕಗಪ ಕೀಲಿಮಣೆಯನ್ನು ಯಂತ್ರದ ಮೂಲ ವಿನ್ಯಾಸವಾಗಿ ಇಟ್ಟುಕೊಂಡರೆ ಲಾಗಿನ್ ಪರದೆಯಲ್ಲೂ ಅದೇ ಎದ್ದು ಕೂರಬಹುದು. ಚುಕ್ಕಿಗಳ ಹಿಂದೆ ಪಾಸ್‌ವರ್ಡ್ ಕನ್ನಡದಲ್ಲಿ ಟೈಪ್ ಆಗುತ್ತಿದೆ ಎಂದು ಯಾರಿಗೆ ಹೊಳೆಯಬೇಕು? ಆಗ ಪಾಸ್‌ವರ್ಡ್ ತಪ್ಪು ಎಂದೇ ಬರುತ್ತದೆ, ಸುತ್ತು ಹೊಡೆಯುವುದಿಲ್ಲ. ಇಂಗ್ಲಿಷನ್ನು ಮೊದಲನೆಯದಾಗಿ, ಕನ್ನಡವನ್ನು ಎರಡನೆಯದಾಗಿ ಇಡಿ.

ಇಷ್ಟೆಲ್ಲ ಆದರೂ ಆಗಲಿಲ್ಲವೆಂದರೆ ಟೈಮ್‌ಶಿಫ್ಟ್ ಇದೆ. ‘ಸುಡೊ ಟೈಮ್‌ಶಿಫ್ಟ್ ಮೈನಸ್ ಮೈನಸ್ ರಿಸ್ಟೋರ್’ ಕೊಟ್ಟು, ಕರೆಂಟು ಹೋದ ದಿನಕ್ಕಿಂತ ಹಿಂದಿನ ಪ್ರತಿ ಆರಿಸಿ. ನಿಮ್ಮ ಹೋಮ್ ಫೋಲ್ಡರನ್ನು ಅದು ಸಾಮಾನ್ಯವಾಗಿ ಪ್ರತಿ ಮಾಡುವುದೂ ಇಲ್ಲ, ಮುಟ್ಟುವುದೂ ಇಲ್ಲ. ಹಾಗಾಗಿ ಯಂತ್ರ ಹಿಂದಕ್ಕೆ ಹೋದರೂ ನಿನ್ನೆ ಬರೆದ ಪ್ರಶ್ನೆಪತ್ರಿಕೆ ಹಾಗೇ ಇರುತ್ತದೆ. ಇದೇ ಕಾರಣಕ್ಕೆ ಟೈಮ್‌ಶಿಫ್ಟ್ ಇದೆಯಲ್ಲ ಎಂದು ಪೆನ್‌ಡ್ರೈವಿನ ಪ್ರತಿ ತಪ್ಪಿಸಬೇಡಿ.

ಪ್ರತಿ ಹೆಜ್ಜೆಯಲ್ಲೂ ಏನು ಕೊಟ್ಟಿರಿ, ಏನು ಬಂತು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಕೈ ಸೋತರೆ ಮೂರು ಫೋಟೊ ಕಳಿಸಿ: ಡಿಎಫ್ ಕೊಟ್ಟಾಗಿನದು, ಐಎನ್‌ಎಕ್ಸ್‌ಐ ಕೊಟ್ಟಾಗಿನದು, ಎಕ್ಸ್‌ಸೆಶನ್ ಎರರ್ಸ್‌ನ ಕೊನೆಯ ಸಾಲುಗಳದು. ಅಪ್‌ಡೇಟ್ ಹಾಕುವ ಮುಂಚೆ ಹೊಸ ಬ್ಯಾಟರಿಯೊಂದನ್ನು ತರಿಸಿ, ಮಳೆಗಾಲ ಹತ್ತಿರ ಬಂತು.